ಅಜ್ಜನ ಫೈಲಿನೊಳಗೆ ಕನ್ನಡ ಇರಲಿಲ್ಲ

ಇತಿಹಾಸದ ಲೇಖನ ಎಂದರೆ ನೀವು ಹೊಯ್ಸಳರನ್ನೋ ವಿಜಯನಗರವನ್ನೋ ನಿರೀಕ್ಷಿಸುತ್ತೀರಿ. ನಾನು ಬರೆಯುತ್ತಿರುವುದು ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರಗಳ ಇತಿಹಾಸ. ನಿಜ ಹೇಳಬೇಕೆಂದರೆ ಅದನ್ನು ನಾನು ಓದಿದ್ದು ಆಸಕ್ತಿಯಿಂದಲ್ಲ, ಹೆದರಿಕೆಯಿಂದ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಆಲ್ಡಿಯ ನಮ್ಮ ಮನೆಯಲ್ಲಿ 2018ರಲ್ಲಿ ಕೊಂಡ ಒಂದು ಲ್ಯಾಪ್‌ಟಾಪ್ ಇದೆ. ಅದನ್ನು ಪೂರ್ತಿ ಅಳಿಸಿ ವಿಂಡೋಸ್ 11 ಹೊಸದಾಗಿ ಹಾಕುವ ಕೆಲಸವನ್ನು ನಾನೇ ಮುಂದೆ ಬಂದು ಒಪ್ಪಿಕೊಂಡೆ. ಡಾಕ್ಯುಮೆಂಟ್ಸ್ ಫೋಲ್ಡರನ್ನು ಪೆನ್ ಡ್ರೈವಿಗೆ ಕಾಪಿ ಮಾಡಿದೆ. ಉಳಿದದ್ದನ್ನೆಲ್ಲ ಅಳಿಸಿದೆ.

ಮೊದಲು ಹೋದದ್ದು ವೈಫೈ. ಡಿವೈಸ್ ಮ್ಯಾನೇಜರ್ ತೆರೆದರೆ ಹಳದಿ ತ್ರಿಕೋನ ಕಾಣಿಸಿತು, ಅಂದರೆ ಡ್ರೈವರ್ ಇಲ್ಲ. ಡ್ರೈವರ್ ಎಂದರೆ ಆಪರೇಟಿಂಗ್ ಸಿಸ್ಟಮ್‌ಗೂ ಯಂತ್ರದ ಒಂದು ಭಾಗಕ್ಕೂ ನಡುವೆ ನಿಲ್ಲುವ ದುಭಾಷಿ. ಅದನ್ನು ಇಳಿಸಿಕೊಳ್ಳಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್ ಬರಲು ಅದೇ ಡ್ರೈವರ್ ಬೇಕು. "ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ" ಎಂದು ಅಮ್ಮ ನಕ್ಕರು. ಕೊನೆಗೆ ಅವರ ಫೋನನ್ನೇ ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ ಅದರ ಇಂಟರ್‌ನೆಟ್ ಬಳಸಿದೆ. ವಿಂಡೋಸ್ ಅಪ್‌ಡೇಟ್‌ನಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್, ಅದರೊಳಗೆ ಆಪ್ಷನಲ್ ಅಪ್‌ಡೇಟ್ಸ್ ಎಂದು ಇದೆ. ವೈಫೈ ಮತ್ತು ಸೌಂಡ್ ಡ್ರೈವರ್ ಎರಡೂ ಅಲ್ಲಿ ಕಾಯುತ್ತಿದ್ದವು. ನಿಮಗೂ ಹೀಗಾದರೆ ಮೊದಲು ಅಲ್ಲಿ ನೋಡಿ.

ಎಲ್ಲ ಸರಿಯಾಯಿತು ಎಂದುಕೊಂಡು ಅಜ್ಜನ ಫೈಲ್ ತೆರೆದೆ.

ಈ ಫೈಲಿನ ಬಗ್ಗೆ ಹೇಳಬೇಕು. ನನ್ನ ಅಜ್ಜ ಸಾಗರ ತಾಲ್ಲೂಕಿನವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಏರಿದಾಗ ಅವರ ಊರು ಮುಳುಗಿತು. ಆಗ ಅವರಿಗೆ ನನ್ನಷ್ಟೇ ವಯಸ್ಸು. 2018ರ ಚಳಿಗಾಲದಲ್ಲಿ ಇಲ್ಲಿಗೆ ಬಂದಿದ್ದಾಗ ಹೊರಗೆ ಕಾಲಿಡಲಾಗದೆ, ಅಪ್ಪನಿಂದ ಈ ಲ್ಯಾಪ್‌ಟಾಪಿಗೆ ನುಡಿ ತಂತ್ರಾಂಶ ಹಾಕಿಸಿಕೊಂಡು ಆ ಊರಿನ ಬಗ್ಗೆ 62 ಪುಟ ಟೈಪ್ ಮಾಡಿದ್ದರು. ಯಾವ ಮನೆ ಎಲ್ಲಿತ್ತು, ಯಾರ ಗದ್ದೆಯ ಪಕ್ಕ ಯಾರ ತೋಟ, ಸಾಮಾನು ಹೊತ್ತು ಹೊರಟ ದಿನ ಯಾರು ಏನು ಹೇಳಿದರು, ಎಲ್ಲ ಅದರಲ್ಲಿದೆ. ಬೇರೆ ಪ್ರತಿ ಎಲ್ಲೂ ಇರಲಿಲ್ಲ. ನಮ್ಮ ಮನೆಯಿಂದ ಸ್ವಲ್ಪ ದೂರದ ಆಶ್‌ಬರ್ನ್‌ನಲ್ಲಿ ಸಾಲು ಸಾಲು ಡೇಟಾ ಸೆಂಟರ್‌ಗಳಿವೆ. ಜಗತ್ತಿನ ಫೈಲುಗಳೆಲ್ಲ ಅಲ್ಲಿ ಭದ್ರವಾಗಿವೆ, ಅಜ್ಜನದು ಮಾತ್ರ ಒಂದು ಪೆನ್ ಡ್ರೈವಿನಲ್ಲಿತ್ತು.

ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲ. "ಕನ್ನಡ" ಎಂದು ಇರಬೇಕಾದ ಕಡೆ ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೀಟು ಇರುವ ಎ, ಬ್ರಿಟನ್ನಿನ ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ನರ ಒಂದು ಅಕ್ಷರ, ಸಣ್ಣ ಕ್ಯೂ, ಮತ್ತೆ ಎ. 62 ಪುಟವೂ ಹೀಗೇ.

ಇದೂ ಡ್ರೈವರ್ ತರಹದ ತೊಂದರೆ ಎಂದೇ ನಾನು ತಿಳಿದೆ. ಮೂರು ಸಲ ಅಪ್‌ಡೇಟ್ ಮಾಡಿದೆ. ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಭಾಷೆ ಸೇರಿಸಿದೆ. ತುಂಗಾ ಎಂಬ ಹಳೆಯ ಕನ್ನಡ ಫಾಂಟ್ ವಿಂಡೋಸ್ 10ರಿಂದ ಈಚೆಗೆ ತಾನಾಗಿ ಬರುವುದಿಲ್ಲ, ಬೇಕಾದವರು ಆಪ್ಷನಲ್ ಫೀಚರ್ಸ್‌ನಿಂದ ಸೇರಿಸಿಕೊಳ್ಳಬೇಕು. ಅದನ್ನೂ ಸೇರಿಸಿದೆ. ಏನೂ ಬದಲಾಗಲಿಲ್ಲ. ಆಮೇಲೆ ಒಂದು ಸಾಲಿನ ಮೇಲೆ ಕ್ಲಿಕ್ ಮಾಡಿ ಫಾಂಟ್ ಹೆಸರಿನ ಚೌಕ ನೋಡಿದೆ. ಅಲ್ಲಿ "ನುಡಿ 01 ಇ" ಎಂದು ಇತ್ತು. ಫಾಂಟ್ ಹೋದರೂ ಅದರ ಹೆಸರು ಫೈಲಿನಲ್ಲಿ ಉಳಿದಿರುತ್ತದೆ. ಇತಿಹಾಸ ಶುರುವಾಗುವುದು ಇಲ್ಲಿಂದ.

1980ರ ದಶಕದಲ್ಲಿ ಕಂಪ್ಯೂಟರಿನಲ್ಲಿ ಭಾರತೀಯ ಲಿಪಿ ಬೇಕೆಂದರೆ ಒಂದು ಕಾರ್ಡನ್ನು ಯಂತ್ರದ ಒಳಗೆ ಸಿಕ್ಕಿಸಬೇಕಿತ್ತು. ಐಐಟಿ ಕಾನ್ಪುರದಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್ ಬೆಳೆಸಿದ ಆ ತಂತ್ರಕ್ಕೆ ಜಿಸ್ಟ್ ಎಂದು ಹೆಸರು. ವಿಂಡೋಸ್ ಬಂದ ಮೇಲೆ ಕಾರ್ಡಿನ ಬದಲು ಫಾಂಟ್‌ಗಳು ಬಂದವು. ಆಗಿನ ಫಾಂಟಿನಲ್ಲಿ ಹೆಚ್ಚೆಂದರೆ 256 ಜಾಗ. ನಮ್ಮ ಕಾಗುಣಿತ, ಒತ್ತಕ್ಷರ ಎಲ್ಲ ಅಷ್ಟರಲ್ಲಿ ಹಿಡಿಯುವುದಿಲ್ಲ. ಹಾಗಾಗಿ ಫಾಂಟ್ ಮಾಡಿದವರು ಅಕ್ಷರಗಳನ್ನು ತುಂಡು ಮಾಡಿದರು. ಪಿ ಇರುವ ಜಾಗದಲ್ಲಿ ತಲೆಕಟ್ಟು ಇಲ್ಲದ "ಕ"ದ ಮೈ, ಗೀಟು ಇರುವ ಎ ಜಾಗದಲ್ಲಿ ಬರೀ ತಲೆಕಟ್ಟು. ಈಗ ಮೇಲಿನ ಸಾಲು ಮತ್ತೊಮ್ಮೆ ನೋಡಿ. "ಕನ್ನಡ" ಪದದಲ್ಲಿ ಮೂರು ತಲೆಕಟ್ಟು, ಆ ಎ ಕೂಡ ಮೂರು ಸಲ! ಇದು ಹೊಳೆದಾಗ ನಾನು ರಾತ್ರಿ ಹನ್ನೊಂದಕ್ಕೆ ಅಪ್ಪನನ್ನು ಎಬ್ಬಿಸಿದೆ. ಅವರಿಗೆ ಅಷ್ಟೇನೂ ಖುಷಿಯಾಗಲಿಲ್ಲ.

ಅಂದರೆ ಫೈಲಿನೊಳಗೆ ಕನ್ನಡ ಇರಲೇ ಇಲ್ಲ. ಇದ್ದದ್ದು ಇಂಗ್ಲಿಷ್ ಗುರುತುಗಳು, ಅವುಗಳ ಮೇಲೆ ಕನ್ನಡದ ಚಿತ್ರಗಳು. ನಾನು ಅಳಿಸಿದ್ದು ಆ ಚಿತ್ರಗಳನ್ನು.

ಒಂದೊಂದು ಕಂಪನಿ ಒಂದೊಂದು ರೀತಿ ತುಂಡು ಮಾಡಿದ್ದರಿಂದ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಲು ಅದೇ ಫಾಂಟ್ ಬೇಕಿತ್ತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಹೊರದೇಶದ ಎಷ್ಟೋ ಕನ್ನಡಿಗರು ಮೊದಲು ಕನ್ನಡ ಟೈಪ್ ಮಾಡಿದ್ದು ಅದರಲ್ಲಿ, ನಿಮ್ಮ ಅಪ್ಪ ಅಮ್ಮನನ್ನು ಕೇಳಿ ನೋಡಿ. ಕನ್ನಡ ಗಣಕ ಪರಿಷತ್ತು 'ನುಡಿ' ರೂಪಿಸಿತು, ಕರ್ನಾಟಕ ಸರ್ಕಾರ ಅದನ್ನು ಉಚಿತವಾಗಿ ಕೊಟ್ಟಿತು. ಅದರ ಕೀಲಿಮಣೆಗೆ ಆಧಾರ ಕೆ.ಪಿ. ರಾವ್ ಅವರ ವಿನ್ಯಾಸ. ಒತ್ತಕ್ಷರ ಬೇಕಾದರೆ ಎಫ್ ಒತ್ತಬೇಕು. ಅಜ್ಜನ ಬೆರಳಿಗೆ ಇವತ್ತಿಗೂ ಅದೇ ರೂಢಿ.

ಇದಕ್ಕೆ ಪರಿಹಾರ ಆಗಲೇ ಹುಟ್ಟಿತ್ತು ಎಂಬುದು ನನಗೆ ಆಶ್ಚರ್ಯ ತಂದಿತು. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಜಾಗ ಇತ್ತು. ಭಾರತದ ಇಸ್ಕಿ ಎಂಬ ಸಂಕೇತ ಪದ್ಧತಿಯ 1988ರ ರೂಪವನ್ನು ಅದು ಅನುಸರಿಸಿತ್ತು. ಅದರಲ್ಲಿ "ಕ" ಎಂದರೆ ಯಾವ ಫಾಂಟಿನಲ್ಲೂ "ಕ"ವೇ. ಆದರೆ ವಿಂಡೋಸ್ 2000ರಲ್ಲಿ ಹಿಂದಿ, ತಮಿಳು ಬಂದವು, ಕನ್ನಡ ಬರಲಿಲ್ಲ. ನಮ್ಮ ಸರದಿ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನ ಜೊತೆ. ಅಲ್ಲೂ ಅದು ತಾನಾಗಿ ಕೆಲಸ ಮಾಡುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಒಂದು ಚೌಕಕ್ಕೆ ಟಿಕ್ ಹಾಕಿ ಎಕ್ಸ್‌ಪಿಯ ಸಿಡಿ ತುರುಕಬೇಕಿತ್ತು. ಪ್ರತಿ ರೀಇನ್‌ಸ್ಟಾಲ್ ಆದ ಮೇಲೂ ಮತ್ತೆ ಅದೇ ಕೆಲಸ. ನುಡಿ, ಬರಹ ಹಾಕಿದರೆ ಕೂಡಲೇ ಕನ್ನಡ ಕಾಣುತ್ತಿದ್ದಾಗ ಜನ ಹಳೆಯ ಫಾಂಟುಗಳನ್ನು ಬಿಡದಿದ್ದರಲ್ಲಿ ಏನು ತಪ್ಪು? ಯೂನಿಕೋಡ್‌ಗೆ ಬದಲಾಗದವರು ಸೋಮಾರಿಗಳು ಎಂದು ಮೊದಲು ನನಗೂ ಅನ್ನಿಸಿತ್ತು. ಈಗ ಹಾಗೆ ಅನ್ನಿಸುವುದಿಲ್ಲ.

ನುಡಿಯನ್ನು ಮತ್ತೆ ಹಾಕಿದ ಕೂಡಲೇ ಅಜ್ಜನ ಊರು ಪರದೆಯ ಮೇಲೆ ಬಂತು. ಆದರೆ ಮುಂದಿನ ಲ್ಯಾಪ್‌ಟಾಪಿನಲ್ಲಿ ಮತ್ತೆ ಇದೇ ಕತೆ ಆಗಬಾರದಲ್ಲ. ಪರಿವರ್ತಕ ಬಳಸಿ ಎಲ್ಲವನ್ನೂ ಯೂನಿಕೋಡ್‌ಗೆ ಬದಲಿಸಿದೆ. ಅಜ್ಜ ನಡುನಡುವೆ ಇಂಗ್ಲಿಷಿನಲ್ಲಿ ಬರೆದಿದ್ದ ಪದಗಳೂ ಕನ್ನಡದ ತುಂಡುಗಳಾಗಿ ಹೋದವು. ಅರ್ಕಾವತ್ತು ಇನ್ನೊಂದು ತಲೆನೋವು. "ಕರ್ನಾಟಕ" ಎಂಬಲ್ಲಿ ಹಳೆಯ ಫಾಂಟ್ ಅದನ್ನು ಕಣ್ಣಿಗೆ ಕಾಣುವಂತೆ "ನಾ" ಆದ ಮೇಲೆ ಇಡುತ್ತದೆ, ಯೂನಿಕೋಡ್ ನಾವು ಉಚ್ಚರಿಸುವಂತೆ ಮೊದಲೇ ಇಡುತ್ತದೆ. ಕೆಲವು ಕಡೆ ಅದು ತಪ್ಪು ಅಕ್ಷರಕ್ಕೆ ಅಂಟಿಕೊಂಡಿತ್ತು.

ಅಜ್ಜನಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಈಗ ಓದಲಿಕ್ಕೆ ಬರ್ತದಲ್ಲ, ಓದು" ಎಂದರು. ಈಗ ಪ್ರತಿ ಭಾನುವಾರ ಬೆಳಿಗ್ಗೆ, ಅವರಿಗೆ ಸಂಜೆ, ನಾನು ಒಂದೆರಡು ಪುಟ ಗಟ್ಟಿಯಾಗಿ ಓದುತ್ತೇನೆ, ಅವರು ತಿದ್ದುತ್ತಾರೆ. ಇಲ್ಲಿಯವರೆಗೆ 19 ಪುಟ ಆಗಿದೆ. ಕಳೆದ ವಾರ "ದಣಪೆ" ಎಂಬ ಪದ ಬಂತು. ಪರಿವರ್ತಕ ಏನೋ ಕೆಡಿಸಿದೆ ಎಂದುಕೊಂಡು ಅಳಿಸಲು ಹೊರಟಿದ್ದೆ.

"ಅದು ಸರಿ ಉಂಟು ಪುಟ್ಟಿ, ಹಾಗೇ ಇರಲಿ" ಎಂದರು ಅಜ್ಜ. ದಣಪೆ ಎಂದರೆ ಅಂಗಳದ ಬಾಯಲ್ಲಿ ಅಡ್ಡಕ್ಕೆ ಕೋಲುಗಳನ್ನು ಸಿಕ್ಕಿಸಿ ಮಾಡಿದ ಗೇಟು, ದನ ಒಳಗೆ ಬರದ ಹಾಗೆ. ಅವರ ಮನೆಯ ದಣಪೆ ಹೊಳೆಯ ಕಡೆಗೆ ಇತ್ತಂತೆ.