ಬೀಡಿನ ಬಾಡಿಗೆ: ರಾತ್ರಿ ಲೆಕ್ಕ, ಹಗಲು ಲೆಕ್ಕ

ಚಕ್ರದ ಮೇಲಿನ ಮನೆಯಲ್ಲಿ ವರ್ಷವಿಡೀ ಊರೂರು ಸುತ್ತುತ್ತ ಬದುಕುವವರ ಬಗ್ಗೆ ನೀವು ಕೇಳಿರಬಹುದು. ಬಸ್ಸಿನಷ್ಟು ದೊಡ್ಡ ವಾಹನ. ಅದರೊಳಗೇ ಅಡುಗೆಮನೆ, ಹಾಸಿಗೆ, ಶೌಚಾಲಯ. ಅಮೆರಿಕದಲ್ಲಿ ಹೀಗೆ ಬದುಕುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಜೆಗೆ ದಾವಣಗೆರೆಗೆ ಬಂದಿದ್ದಾಗ ತನ್ನ ತಿಂಗಳ ಖರ್ಚಿನ ಪಟ್ಟಿ ತೋರಿಸಿದ. ಅದರಲ್ಲಿ ಇಂಧನದ ಬಾಬತ್ತು ಒಂದೇ ಸಾಲು. ಉಳಿದ ಸಾಲುಗಳೆಲ್ಲ ನಿಲ್ಲುವುದಕ್ಕೆ ಸಂಬಂಧಿಸಿದವು. ವಾಹನ ನಿಲ್ಲಿಸುವ ಜಾಗಕ್ಕೆ ದಿನಬಾಡಿಗೆ, ವಿದ್ಯುತ್ತಿಗೆ ಇಷ್ಟು, ನೀರಿಗೆ ಇಷ್ಟು, ಕೊನೆಗೆ ಶೌಚದ ತೊಟ್ಟಿ ಖಾಲಿ ಮಾಡಲು ಇಷ್ಟು. "ಓಡಾಡೋದಕ್ಕಿಂತ ನಿಲ್ಲೋದೇ ದುಬಾರಿ ಸಾರ್" ಎಂದ.

ಅವನ ಮಾತು ನನ್ನನ್ನು ಒಂದು ಹಳೆಯ ಲೆಕ್ಕಕ್ಕೆ ಕರೆದೊಯ್ದಿತು. ಆ ಲೆಕ್ಕವನ್ನು ನಿಮ್ಮ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಹೊಲದಲ್ಲೊಂದು ಬೀಡು

ಮರುದಿನ ಸಂಜೆ ಇಬ್ಬರೂ ಹರಿಹರದ ಕಡೆ ಹೊರಟೆವು. ಭದ್ರಾ ನಾಲೆಯ ಬಯಲಿನಲ್ಲಿ ಭತ್ತದ ಕೊಯ್ಲು ಮುಗಿದಿತ್ತು. ರಸ್ತೆಯ ಪಕ್ಕದ ಹೊಲದಲ್ಲಿ ಸುತ್ತ ಬಲೆ ಕಟ್ಟಿ ಸುಮಾರು ಐದುನೂರು ಕುರಿಗಳನ್ನು ಕೂಡಿದ್ದರು. ಪಕ್ಕದಲ್ಲೇ ಟಾರ್ಪಾಲಿನ ಗುಡಾರ, ಮೂರು ಕಲ್ಲಿನ ಒಲೆ, ಎರಡು ನಾಯಿ. ವರ್ಷದ ಬಹುಭಾಗ ಅವರ ಸಂಸಾರ ಹೀಗೆಯೇ ಸಾಗುತ್ತದೆ. ಚಕ್ರವಿಲ್ಲ ಎಂಬುದನ್ನು ಬಿಟ್ಟರೆ ಅದೂ ಚಲಿಸುವ ಮನೆಯೇ.

ನಾನು ಹುಟ್ಟಿ ಬೆಳೆದದ್ದು ಹರಿಹರದ ಹತ್ತಿರದ ಒಂದು ಹಳ್ಳಿಯಲ್ಲಿ. ಬೇಸಿಗೆಯಲ್ಲಿ ಕುರಿಗಾರರು ಬಂದರೆಂದರೆ ಮೊದಲು ನಮ್ಮ ಹೊಲದಲ್ಲಿ ಕುರಿ ನಿಲ್ಲಿಸಿ ಎಂದು ಅಪ್ಪ ಅವರ ಬೆನ್ನು ಹತ್ತುತ್ತಿದ್ದರು. ರಾತ್ರಿಗೆ ಇಷ್ಟು ಸೇರು ಜೋಳವೆಂದು ಅಳೆದು ಕೊಡುತ್ತಿದ್ದರು. ಅದು ನೆನಪಾಗಿ ವಿದ್ಯಾರ್ಥಿಗೆ ಹೇಳಿದೆ: "ನೋಡಪ್ಪ, ಅಲ್ಲಿ ನಿಂತವರು ಬಾಡಿಗೆ ಕೊಡಬೇಕು, ಇಲ್ಲಿ ನಿಲ್ಲಿಸಿಕೊಂಡವರು ಕೊಡುತ್ತಾರೆ. ಅಲ್ಲಿ ಹೊಲಸು ಸಾಗಿಸಲು ಶುಲ್ಕ, ಇಲ್ಲಿ ಅದಕ್ಕೇ ಬೆಲೆ."

ಗುಡಾರದ ಮುಂದೆ ಕುಳಿತಿದ್ದ ಹಿರಿಯರು ನಕ್ಕರು. "ನೀವು ರಾತ್ರಿ ಲೆಕ್ಕ ಹೇಳಿದ್ರಿ ಮೇಷ್ಟ್ರೇ, ಹಗಲು ಲೆಕ್ಕ ಹೇಳ್ಲಿಲ್ಲ."

"ಹಗಲು ಲೆಕ್ಕ ಅಂದ್ರೆ ಏನು ಯಜಮಾನ್ರೇ?"

"ರಾತ್ರಿ ಹಾಕೋ ಹಿಕ್ಕೆ, ಹಗಲು ಎಲ್ಲೋ ತಿಂದದ್ದಲ್ವಾ?"

ಮೂವತ್ತು ವರ್ಷ ತರಗತಿಯಲ್ಲಿ ಸಂರಕ್ಷಣಾ ನಿಯಮಗಳನ್ನು ಪಾಠ ಮಾಡಿದ ನಾನು ತಲೆ ತಗ್ಗಿಸಿದೆ. ಅವರು ಹೇಳಿದ್ದು ದ್ರವ್ಯ ಸಂರಕ್ಷಣೆಯ ನಿಯಮವನ್ನೇ.

ಬೂದಿ ದಿಬ್ಬಗಳ ಸಾಕ್ಷಿ

ಪ್ರಾಣಿಗಳೊಂದಿಗೆ ಬೀಡು ಬಿಡುವ ಬದುಕು ನಮ್ಮ ಸೀಮೆಗೆ ಹೊಸದಲ್ಲ. ದಾವಣಗೆರೆಯಿಂದ ಈಶಾನ್ಯಕ್ಕೆ, ಬಳ್ಳಾರಿಯ ಹತ್ತಿರ ಕುಡತಿನಿ ಎಂಬ ಊರಿದೆ. ಅಲ್ಲಿ ದೊಡ್ಡದೊಂದು ಬೂದಿಯ ದಿಬ್ಬವಿದೆ. ಇಂಥ ದಿಬ್ಬಗಳು ಬಳ್ಳಾರಿ, ರಾಯಚೂರು ಸೀಮೆಯಲ್ಲಿ ಹಲವಾರು. ಸುಟ್ಟ ರಾಕ್ಷಸರ ಬೂದಿ ಎಂದು ಜನ ಕಥೆ ಹೇಳುತ್ತಾರೆ. ಕೆಲವೆಡೆ ಬೂದಿ ಕರಗಿ ಗಾಜಿನಂಥ ಕಿಟ್ಟವಾಗಿರುವುದರಿಂದ ಜ್ವಾಲಾಮುಖಿಯ ಅಥವಾ ಲೋಹ ಕರಗಿಸಿದ ಕುರುಹು ಇರಬಹುದೆಂಬ ಊಹೆಗಳೂ ಇದ್ದವು. ಎಫ್. ಇ. ಜಾಯ್ನರ್ ಈ ಬೂದಿಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅದು ದನದ ಸಗಣಿ ಸುಟ್ಟದ್ದು ಎಂದು 1960ರಲ್ಲಿ ಪ್ರಕಟಿಸಿದರು. ಇಂದಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆತ ನಡೆಸಿದ ರೇಮಂಡ್ ಆಲ್ಚಿನ್ ಅವರಿಗೆ ದನದ ದೊಡ್ಡಿಯ ಕಂಬದ ಗುಳಿಗಳೂ ಗೊರಸಿನ ಗುರುತುಗಳೂ ದೊರೆತವು. ಅವರ ಪುಸ್ತಕ ಬಂದದ್ದು 1963ರಲ್ಲಿ.

ನಾಲ್ಕೈದು ಸಾವಿರ ವರ್ಷಗಳ ಹಿಂದೆ ನವಶಿಲಾಯುಗದ ಜನ ದನಗಳನ್ನು ಕೂಡಿ ಹಾಕಿದ ಜಾಗಗಳಿವು. ಸಗಣಿಯನ್ನು ಏಕೆ ಸುಟ್ಟರು ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಸುಟ್ಟಾಗ ಏನಾಯಿತು ಎಂಬುದು ಸ್ಪಷ್ಟ. ಸಗಣಿಯಲ್ಲಿದ್ದ ಸಾರಜನಕ, ಅಂದರೆ ನೈಟ್ರೋಜನ್, ಬಹುಪಾಲು ಗಾಳಿಗೆ ಹೋಯಿತು; ರಂಜಕ, ಪೊಟ್ಯಾಸಿಯಂ, ಸಿಲಿಕಾ ಬೂದಿಯಲ್ಲಿ ಉಳಿದವು. ಎಷ್ಟೋ ಚದರ ಮೈಲಿ ಹುಲ್ಲುಗಾವಲಿನ ಸಾರ ಒಂದೇ ಕಡೆ ಗುಡ್ಡೆಯಾಗಿ ನಿಂತಿತು. ಹಗಲು ಹರಡಿಕೊಂಡಿದ್ದುದನ್ನು ರಾತ್ರಿ ಒಂದೆಡೆ ಸೇರಿಸುವುದು ಹಿಂಡಿನ ಗುಣ. ಅದನ್ನು ದಿಬ್ಬವಾಗಲು ಬಿಡದೆ, ರಾತ್ರಿಗೊಂದು ಹೊಲದಂತೆ ಜಾಗ ಬದಲಿಸಿ ಬೆಳೆಗೆ ಉಣಿಸುವುದೇ ಕುರಿ ನಿಲ್ಲಿಸುವ ಪದ್ಧತಿಯ ಜಾಣ್ಮೆ.

ಕಂಬಳಿಯ ಊರು, ಕಾವಲಿನ ನೆಲ

ಈಗ ಇನ್ನೂರು ವರ್ಷಗಳ ಹಿಂದಿನ ದಾವಣಗೆರೆಗೆ ಬನ್ನಿ. ನಾಲ್ಕನೆಯ ಮೈಸೂರು ಯುದ್ಧ ಮುಗಿದ ಮೇಲೆ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಡಾ. ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ-ಸಸ್ಯವಿಜ್ಞಾನಿ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನು ಸುತ್ತಿದ. ಅವನದೂ ಗುಡಾರದ ಬದುಕೇ. 1801ರಲ್ಲಿ ಹರಿಹರ, ದಾವಣಗೆರೆಗಳನ್ನು ಹಾದುಹೋದ. ಅವನ ಪ್ರವಾಸದ ಮೂರು ಸಂಪುಟಗಳು 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಹೈದರಾಲಿಯಿಂದ ದಾವಣಗೆರೆಯನ್ನು ಜಹಗೀರಾಗಿ ಪಡೆದ ಮರಾಠಾ ಸರದಾರನೊಬ್ಬ ವ್ಯಾಪಾರಿಗಳನ್ನು ಕರೆತಂದು ನೆಲೆಗೊಳಿಸಿದ್ದರಿಂದ ಊರು ಬೆಳೆಯಿತೆಂದೂ, ಕಂಬಳಿ ಇಲ್ಲಿನ ಮುಖ್ಯ ಸರಕೆಂದೂ ಅದರಿಂದ ತಿಳಿಯುತ್ತದೆ. ಹತ್ತಿಯ ಗಿರಣಿಗಳು ಬರುವ ಬಹಳ ಮೊದಲೇ ದಾವಣಗೆರೆ ಉಣ್ಣೆಯ ಊರಾಗಿತ್ತು. ಕಂಬಳಿಯ ಹಿಂದೆ ಕುರಿ, ಕುರಿಯ ಹಿಂದೆ ಹುಲ್ಲು.

ಹುಲ್ಲಿನ ನೆಲಕ್ಕೂ ಬೆಲೆಯಿದೆ ಎಂಬುದು ಆಳುವವರಿಗೆ ಗೊತ್ತಿತ್ತು. ಮೈಸೂರಿನ ಅರಸರು ಸೈನ್ಯದ ಸಾಮಾನು ಎಳೆಯುವ ಎತ್ತುಗಳಿಗಾಗಿ ಸಾಕಿದ ದನದ ಹಿಂಡು ನಿಮಗೆ ಗೊತ್ತಿರಬಹುದು. ಮೊದಲು ಬೆಣ್ಣೆ ಚಾವಡಿ ಎನಿಸಿದ್ದ ಈ ಇಲಾಖೆಗೆ ಟಿಪ್ಪು ಸುಲ್ತಾನ್ ಅಮೃತಮಹಲ್ ಎಂದು ಹೆಸರಿಟ್ಟ. ಆ ಹಿಂಡುಗಳೂ ಒಂದೆಡೆ ನಿಲ್ಲುತ್ತಿರಲಿಲ್ಲ. ಬೇಸಿಗೆಗೆ ಬೇರೆ, ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ ಕಾವಲುಗಳು ಅವಕ್ಕೆ ಮೀಸಲಿದ್ದವು. ಅಂದರೆ ಬೀಡಿನ ವೆಚ್ಚವನ್ನು ಸರ್ಕಾರ ಹಣದ ರೂಪದಲ್ಲಲ್ಲ, ನೆಲದ ರೂಪದಲ್ಲಿ ತೆಗೆದಿರಿಸಿತ್ತು. 1860ರಲ್ಲಿ ಬ್ರಿಟಿಷ್ ಆಡಳಿತ ಉಳಿತಾಯಕ್ಕಾಗಿ ಹಿಂಡನ್ನು ಮಾರಿಬಿಟ್ಟಿತು. ಒಳ್ಳೆಯ ಎತ್ತುಗಳು ಸಿಗದೆ ತಪ್ಪಿನ ಅರಿವಾಗಿ 1866ರಲ್ಲಿ ಮತ್ತೆ ಕಟ್ಟಿತು. ಖರ್ಚಿನ ಸಾಲನ್ನು ಮಾತ್ರ ನೋಡಿ ಹುಲ್ಲಿನ ಸಾಲನ್ನು ಮರೆತವರ ಕಥೆಯಿದು.

ತಕ್ಕಡಿ ಹೇಳಿದ್ದು

ಹಗಲು ಲೆಕ್ಕವನ್ನು ಪ್ರಯೋಗದಿಂದ ತೋರಿಸಿದವರಲ್ಲಿ ಫ್ರಾನ್ಸಿನ ಬೂಸ್ಸಿಂಗೋ ಮುಖ್ಯ. ಅಲ್ಸೇಸಿನ ತನ್ನ ಜಮೀನಿನಲ್ಲಿ ಹಸು ಮತ್ತು ಕುದುರೆಗೆ ಕೊಟ್ಟ ಮೇವನ್ನು ತೂಗಿದ; ಅವು ಹೊರಹಾಕಿದ ಸಗಣಿ, ಗಂಜಲಗಳನ್ನೂ ಹಸುವಿನ ಹಾಲನ್ನೂ ತೂಗಿದ. ಎಲ್ಲವನ್ನೂ ವಿಶ್ಲೇಷಿಸಿ 1839ರಲ್ಲಿ ಪ್ರಕಟಿಸಿದ. ಮೇವಿನಲ್ಲಿ ಇದ್ದುದಕ್ಕಿಂತ ಹೆಚ್ಚು ಸಾರಜನಕ ಹೊರಬರಲಿಲ್ಲ. ಪ್ರಾಣಿ ಗಾಳಿಯಿಂದ ಸಾರಜನಕ ಹಿಡಿದು ಗೊಬ್ಬರ ಮಾಡುವುದಿಲ್ಲ. ತಿಂದದ್ದನ್ನೇ ರೂಪ ಬದಲಿಸಿ ಕೊಡುತ್ತದೆ. ಮರುವರ್ಷ, 1840ರಲ್ಲಿ, ಜರ್ಮನಿಯ ಲೀಬಿಗ್ ಕೃಷಿ ರಸಾಯನದ ತನ್ನ ಪ್ರಸಿದ್ಧ ಗ್ರಂಥದಲ್ಲಿ, ಬೆಳೆ ಮಣ್ಣಿನಿಂದ ಒಯ್ದ ಖನಿಜಗಳನ್ನು ಮಣ್ಣಿಗೆ ಮರಳಿಸಲೇಬೇಕೆಂದು ವಾದಿಸಿದ.

ಹಾಗಾದರೆ ಕುರಿಯ ಪಾತ್ರವೇನು? ಅದು ಸಾರಜನಕವನ್ನು ಸೃಷ್ಟಿಸುವ ಕಾರ್ಖಾನೆಯಲ್ಲ, ಸಾಗಿಸುವ ಗಾಡಿ.

ಒಂದು ರಾತ್ರಿಯ ಬೆಲೆ

ಈಗ ಸ್ಥೂಲವಾದ ಅಂದಾಜು ಮಾಡೋಣ. ನಮ್ಮ ಕಡೆಯ ಬಳ್ಳಾರಿ ತಳಿಯ ಕುರಿಯ ತೂಕ ಸುಮಾರು 30 ಕಿಲೋಗ್ರಾಂ ಎನ್ನಿ. ದೇಹತೂಕದ ಶೇಕಡಾ 3ರಷ್ಟು ಒಣಮೇವು ತಿಂದರೆ ದಿನಕ್ಕೆ 900 ಗ್ರಾಂ. ಬಡ ಹುಲ್ಲಿನಲ್ಲಿ ಸಾರಜನಕ ಶೇಕಡಾ 1 ಎಂದರೆ 9 ಗ್ರಾಂ. ಮಾಂಸ, ಉಣ್ಣೆಗಳಿಗೆ 1 ಗ್ರಾಂ ಕಳೆಯಿರಿ. ಉಳಿದ 8 ಗ್ರಾಂ ಹಿಕ್ಕೆ, ಗಂಜಲಗಳಲ್ಲಿ ಹೊರಬರುತ್ತದೆ. ಅದರಲ್ಲಿ ಅರ್ಧ ರಾತ್ರಿಯ ಪಾಲು: 4 ಗ್ರಾಂ. ಐದುನೂರು ಕುರಿಗೆ ರಾತ್ರಿಯೊಂದಕ್ಕೆ 2 ಕಿಲೋಗ್ರಾಂ ಸಾರಜನಕ.

ಕುರಿಯೊಂದಕ್ಕೆ 2 ಚದರ ಮೀಟರ್ ಜಾಗವೆಂದರೆ ಹಿಂಡಿಗೆ 1000 ಚದರ ಮೀಟರ್, ಅಂದರೆ ಸುಮಾರು 10 ಗುಂಟೆ. ಬಲೆಯನ್ನು ದಿನವೂ ಸರಿಸಿದರೆ ನಾಲ್ಕು ರಾತ್ರಿಗೆ ಒಂದು ಎಕರೆ, 8 ಕಿಲೋಗ್ರಾಂ ಸಾರಜನಕ. ಯೂರಿಯಾದಲ್ಲಿ ಸಾರಜನಕ ಶೇಕಡಾ 46. ಆದ್ದರಿಂದ ಇದು ಸುಮಾರು 17 ಕಿಲೋಗ್ರಾಂ ಯೂರಿಯಾಕ್ಕೆ ಸಮ. ಗಂಜಲದ ಒಂದು ಭಾಗ ಅಮೋನಿಯಾ ಆಗಿ ಹಾರಿಹೋಗುತ್ತದೆ. ಅದಕ್ಕೇ ಮರುದಿನವೇ ಕುಂಟೆ ಹೊಡೆದು ಮಣ್ಣು ಮುಚ್ಚಬೇಕೆಂದು ಹಿರಿಯರು ಹೇಳುತ್ತಿದ್ದದ್ದು. ಇನ್ನೊಂದು ಕಡೆ, ಯೂರಿಯಾದಲ್ಲಿ ಇಲ್ಲದ ರಂಜಕ, ಪೊಟ್ಯಾಶ್, ಸಾವಯವ ಇಂಗಾಲ ಹಿಕ್ಕೆಯಲ್ಲಿವೆ.

ಶಕ್ತಿಯ ಲೆಕ್ಕವನ್ನೂ ನೋಡಿ. ಕಾರ್ಖಾನೆಯಲ್ಲಿ ಒಂದು ಕಿಲೋಗ್ರಾಂ ಯೂರಿಯಾ ತಯಾರಿಸಲು ಸುಮಾರು 25 ಮೆಗಾಜೂಲ್ ಶಕ್ತಿ ಬೇಕು. 17 ಕಿಲೋಗ್ರಾಂಗೆ 425 ಮೆಗಾಜೂಲ್, ಅಂದರೆ ಸುಮಾರು 118 ಯೂನಿಟ್ ವಿದ್ಯುತ್ತಿಗೆ ಸಮ. ಕುರಿಗಾರ ಪಡೆಯುತ್ತಿದ್ದ ಜೋಳ ಈ ಸೇವೆಗೆ ಸಂದ ಬೆಲೆ. ಅದು ದಾನವಲ್ಲ.

ಪಟ್ಟಿಯಲ್ಲಿ ಹೆಸರಿಲ್ಲದ ಪಾಲುದಾರ

ಆದರೆ ಯಜಮಾನರ ಪ್ರಶ್ನೆ ಉಳಿದೇ ಇದೆ. ಆ 2 ಕಿಲೋಗ್ರಾಂ ಬಂದದ್ದೆಲ್ಲಿಂದ? ಗೋಮಾಳ, ಕಾವಲು, ಕೆರೆಯಂಗಳ, ಬೀಳು ಹೊಲಗಳಿಂದ. ರೈತ ಜೋಳ ಕೊಟ್ಟ, ಕುರಿಗಾರ ಪಡೆದ. ಸಾರ ಕೊಟ್ಟ ಗೋಮಾಳಕ್ಕೆ ಯಾರೂ ಏನನ್ನೂ ಕೊಡಲಿಲ್ಲ. ದ್ವಿದಳ ಸಸ್ಯಗಳ ಬೇರಿನ ಬ್ಯಾಕ್ಟೀರಿಯಾ, ಮಣ್ಣಿನ ಇತರ ಸೂಕ್ಷ್ಮಜೀವಿಗಳು, ಮಳೆ, ಮಿಂಚು ಇವು ನಿಧಾನವಾಗಿ ಆ ಸಾರಜನಕವನ್ನು ತುಂಬಿಕೊಡುತ್ತಿದ್ದವು. ನೆಲ ವಿಶಾಲವಾಗಿದ್ದು ಹಿಂಡು ಮುಂದೆ ಸಾಗುತ್ತಿದ್ದಷ್ಟು ಕಾಲ ಲೆಕ್ಕ ಸರಿದೂಗಿತು.

ಲೆಕ್ಕ ಎರಡು ಕಡೆಯಿಂದ ಬದಲಾಯಿತು. ಗಾಳಿಯ ಸಾರಜನಕದಿಂದ ಅಮೋನಿಯಾ ಮಾಡುವುದನ್ನು ಹೇಬರ್ 1909ರಲ್ಲಿ ತೋರಿಸಿದ; ಬಾಷ್ 1913ರಲ್ಲಿ ಜರ್ಮನಿಯ ಒಪ್ಪಾವಿನಲ್ಲಿ ಅದನ್ನು ಕಾರ್ಖಾನೆಗೆ ತಂದ. ನಮ್ಮ ಮಂಗಳೂರಿನ ಕಾರ್ಖಾನೆಯಲ್ಲಿ ಯೂರಿಯಾ ತಯಾರಿಕೆ ಶುರುವಾದದ್ದು 1976ರಲ್ಲಿ. ಚೀಲ ಬಂದ ಮೇಲೆ ಕುರಿಗಾರನ ಬೆನ್ನು ಹತ್ತುವವರು ಕಡಿಮೆಯಾದರು. ಇತ್ತ 1965ರಲ್ಲಿ ಭದ್ರಾ ಜಲಾಶಯ ಪೂರ್ಣಗೊಂಡು ದಾವಣಗೆರೆ, ಹರಿಹರದ ಬಯಲಿಗೆ ನೀರು ಹರಿಯಿತು. ಒಂದು ಬೆಳೆಯ ಹೊಲ ಎರಡು ಬೆಳೆಯ ಗದ್ದೆಯಾಯಿತು. ಬೀಳು ಬಿಡುವ ತಿಂಗಳುಗಳು ವಾರಗಳಾದವು. ರೈತನಿಗೆ ಇದು ಒಳಿತೇ. ನಮ್ಮ ಮನೆಯ ಅನ್ನವೂ ಆ ನೀರಿನದೇ. ಆದರೆ ಹಿಂಡಿನ ಹಗಲು ಎಲ್ಲಿ ಕಳೆಯಬೇಕು?

ಕಾನೂನಿನಲ್ಲಿ ಉತ್ತರವಿದೆಯೇ? 1964ರ ಕರ್ನಾಟಕ ಭೂಕಂದಾಯ ಕಾಯಿದೆಯಡಿ 1966ರಲ್ಲಿ ಬಂದ ನಿಯಮಗಳು ಊರಿನ ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಉಚಿತ ಹುಲ್ಲುಗಾವಲು ಮೀಸಲಿಡಬೇಕೆನ್ನುತ್ತವೆ. ಒಳ್ಳೆಯ ನಿಯಮ. ಆದರೆ ಅದು ಎಣಿಸುವುದು ಆಯಾ ಊರಿನ ಜಾನುವಾರುಗಳನ್ನು. ಊರಿಂದೂರಿಗೆ ಹೋಗುವ ಹಿಂಡು ತಾನು ಮೇಯುವ ಯಾವ ಊರಿನ ಲೆಕ್ಕಕ್ಕೂ ಸೇರುವುದಿಲ್ಲ.

ಅಂದು ಯಜಮಾನರು ತಮ್ಮ ಈಗಿನ ಖರ್ಚು ಹೇಳಿದರು. ಹಗಲು ಕೂಳೆ ಮೇಯಿಸಿದ ಗದ್ದೆಯವರಿಗೆ ದುಡ್ಡು ಕೊಡಬೇಕು. ರಾತ್ರಿ ಕುರಿ ನಿಲ್ಲಿಸಿಕೊಂಡವರಿಂದ ದುಡ್ಡು ಬರುತ್ತದೆ. ಕೆಲವು ದಿನ ಎರಡೂ ಸರಿಸಮ. ಔಷಧಿ, ಸಾಗಣೆ ಮೈಮೇಲೆ. ಉಣ್ಣೆ ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲ. ಮರಿ ಮಾರಿದರಷ್ಟೇ ಉಳಿತಾಯ. ನನ್ನ ವಿದ್ಯಾರ್ಥಿ ತನ್ನ ಮೊಬೈಲಿನ ಪಟ್ಟಿ ತೆಗೆದು ನೋಡಿ ಹೇಳಿದ: "ಸಾರ್, ಇವರೂ ನನ್ನ ಹಾಗೆ ನಿಲ್ಲೋದಕ್ಕೆ ದುಡ್ಡು ಕೊಡ್ತಿದಾರೆ. ಹಗಲಲ್ಲಿ ಅಷ್ಟೇ."

ತರಗತಿಗೊಂದು ಕೆಲಸ

ಶಿಕ್ಷಕರೇ, ಇದನ್ನು ನಿಮ್ಮ ಮಕ್ಕಳಿಂದ ಮಾಡಿಸಬಹುದು. ಊರಿಗೆ ಹಿಂಡು ಬಂದಾಗ ಅವರೊಂದಿಗೆ ಹೋಗಿ ಮಾತಾಡಿಸಿ. ಕುರಿ ಎಷ್ಟು, ರಾತ್ರಿ ಎಷ್ಟು ಗುಂಟೆಯಲ್ಲಿ ನಿಂತವು, ಹಗಲು ಎಲ್ಲಿ ಮೇಯ್ದವು ಎಂದು ಎರಡು ಕಾಲಂಗಳಲ್ಲಿ ಬರೆಯಿಸಿ. ಗ್ರಾಮ ಆಡಳಿತ ಅಧಿಕಾರಿಯನ್ನು ಕೇಳಿ ಊರಿನ ಗೋಮಾಳದ ಸರ್ವೆ ನಂಬರುಗಳನ್ನು ಪಡೆದು, ಆ ನೆಲ ಇಂದು ಏನಾಗಿದೆ ಎಂದು ನಡೆದು ನೋಡಲಿ. ಹುಲ್ಲು ಒಣಗಿಸಿ ತೂಗಿದರೆ ಎಷ್ಟು ಕುರಿಗೆ ಸಾಕಾದೀತು ಎಂಬ ಲೆಕ್ಕ ಪ್ರೌಢಶಾಲೆಯ ಗಣಿತಕ್ಕೆ ಎಟಕುವಂಥದ್ದೇ.

ಹೊರಡುವಾಗ ಯಜಮಾನರನ್ನು ಕೇಳಿದೆ: "ಮುಂದಿನ ವರ್ಷ ಇಲ್ಲೇ ಬರ್ತೀರಾ?"

"ಹಗಲು ಎಲ್ಲಿ ಬಿಡ್ತಾರೋ, ರಾತ್ರಿ ಅದರ ಪಕ್ಕದಾಗೆ ಮೇಷ್ಟ್ರೇ" ಎಂದರು.