ಹಾಲು ಕಕ್ಕುವ ಹಸುಳೆ: ಸುಶ್ರುತಸಂಹಿತೆಯ ಎರಡು ಉತ್ತರಗಳು

ಹಸುಳೆ ಕುಡಿದ ಹಾಲನ್ನು ಕಕ್ಕುವುದು ಎಲ್ಲ ಕಾಲದ ತಾಯಂದಿರನ್ನೂ ಕಳವಳಕ್ಕೀಡುಮಾಡಿದ ಸಂಗತಿ. ಇದೇಕೆ ಹೀಗೆ ಎಂಬ ಪ್ರಶ್ನೆಗೆ ಸುಶ್ರುತಸಂಹಿತೆಯಲ್ಲಿ ಎರಡು ಭಿನ್ನ ಉತ್ತರಗಳು ದೊರೆಯುತ್ತವೆ.

ಮೊದಲನೆಯದು ಉತ್ತರತಂತ್ರದಲ್ಲಿದೆ. ಶಿಶುಗಳನ್ನು ಪೀಡಿಸುವ 9 ಗ್ರಹಗಳನ್ನು ಅಲ್ಲಿ ವರ್ಣಿಸಲಾಗಿದೆ. ಒಂಬತ್ತನೆಯವನಾದ ನೈಗಮೇಷನು ಹಿಡಿದ ಮಗು ನೊರೆ ಕಾರುತ್ತದೆ, ನಡುಭಾಗದಲ್ಲಿ ಬಾಗುತ್ತದೆ. ಶ್ವೇತಾಂಬರ ಪರಂಪರೆಯ ಕಲ್ಪಸೂತ್ರದಲ್ಲಿ ಮಹಾವೀರರ ಗರ್ಭವನ್ನು ಸ್ಥಳಾಂತರಿಸುವ ಹರಿನೈಗಮೇಷಿಯ ಹೆಸರೂ ಇದೇ. ಮಥುರೆಯ ಪ್ರಾಚೀನ ಜೈನ ಶಿಲ್ಪದಲ್ಲಿ ಅವನಿಗೆ ಆಡಿನ ಮುಖ. ಒಂದೆಡೆ ಶಿಶುರಕ್ಷಕ, ಇನ್ನೊಂದೆಡೆ ಶಿಶುಪೀಡಕ. ತಾಯಿಯೋ ದಾದಿಯೋ ಆಚಾರ ತಪ್ಪಿದಾಗ, ಶುಚಿತ್ವ ಕೆಟ್ಟಾಗ ಗ್ರಹಗಳು ಮಗುವನ್ನು ಹಿಡಿಯುತ್ತವೆ ಎಂಬುದು ಅಲ್ಲಿನ ನಿಲುವು. ಅಂದರೆ ಮಗುವಿನ ನೋವಿಗೆ ತಾಯಿಯೇ ಅಪರಾಧಿ.

ಎರಡನೆಯ ಉತ್ತರ ಶಾರೀರಸ್ಥಾನದ 10ನೆಯ ಅಧ್ಯಾಯದಲ್ಲಿದೆ. ಹಾಲನ್ನು ಸ್ವಲ್ಪವೂ ಹಿಂಡಿ ತೆಗೆಯದೆ, ತುಂಬಿ ಬಿಗಿದ ಮೊಲೆಯನ್ನು ನೇರವಾಗಿ ಊಡಿಸಿದರೆ ಮಗುವಿಗೆ ಕೆಮ್ಮು, ಉಬ್ಬಸ, ವಾಂತಿ ಉಂಟಾಗುತ್ತವೆ ಎಂದು ಗ್ರಂಥವು ಹೇಳುತ್ತದೆ. ಮೊದಲ ಬಾರಿ ಊಡಿಸುವಾಗ ಮೊಲೆಯನ್ನು ತೊಳೆದು, ಕೊಂಚ ಹಾಲು ಹಿಂಡಿ, ಮಂತ್ರ ಹೇಳಿ ಕುಡಿಸಬೇಕೆಂಬುದು ಅಲ್ಲಿಯ ವಿಧಿ. ಮಂತ್ರ ಇಲ್ಲಿಯೂ ಉಂಟು. ಆದರೆ ವಾಂತಿಗೆ ಹೇಳಿದ ಕಾರಣ ಗ್ರಹವಲ್ಲ, ಊಡಿಸುವ ಕ್ರಮ.

ಇಂದಿನ ವೈದ್ಯಶಾಸ್ತ್ರವೂ ಊಡಿಸುವ ಕ್ರಮಕ್ಕೆ ಮಹತ್ತ್ವ ಕೊಡುತ್ತದೆ. ಅನ್ನನಾಳ ಮತ್ತು ಜಠರ ಕೂಡುವೆಡೆಯ ಸ್ನಾಯು ಹಸುಳೆಯಲ್ಲಿ ಇನ್ನೂ ಬಲಿತಿರುವುದಿಲ್ಲ. ಹಾಲು ರಭಸದಿಂದ, ಮಿತಿಮೀರಿ ಒಳಸೇರಿದರೆ ಮೇಲಕ್ಕೆ ಬರುತ್ತದೆ. ಸ್ವಲ್ಪಸ್ವಲ್ಪವಾಗಿ ಹಲವು ಸಲ ಊಡಿಸುವುದು, ಆಮೇಲೆ ಕೆಲಹೊತ್ತು ಹೆಗಲಿಗೆ ನೇರವಾಗಿ ಒರಗಿಸಿಕೊಂಡು ತೇಗು ಬರಿಸುವುದು ಉಪಯುಕ್ತ. ವರ್ಷ ತುಂಬುವ ವೇಳೆಗೆ ಬಹುಪಾಲು ಮಕ್ಕಳಲ್ಲಿ ಇದು ತಾನಾಗಿಯೇ ನಿಲ್ಲುತ್ತದೆ. ವಾಂತಿ ಹಸಿರಾಗಿದ್ದರೆ, ಅದರಲ್ಲಿ ರಕ್ತ ಕಂಡರೆ, ಮಗುವಿನ ತೂಕ ಏರದಿದ್ದರೆ ಮಾತ್ರ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು.

ಪ್ರಾಚೀನ ಗ್ರಂಥದ ಮಾತೆಲ್ಲವೂ ಇಂದು ಅನುಸರಣೀಯವಲ್ಲ. ನವಜಾತ ಶಿಶುವಿಗೆ ಜೇನುತುಪ್ಪ ನೆಕ್ಕಿಸುವ ವಿಧಿ ಅದೇ ಅಧ್ಯಾಯದಲ್ಲಿದೆ; ವರ್ಷದೊಳಗಿನ ಮಗುವಿಗೆ ಜೇನು ಅಪಾಯಕರವೆಂದು ಈಗ ತಿಳಿದಿದೆ. ಆದರೂ ಊಡಿಸುವ ಕ್ರಮದ ಆ ಒಂದು ಮಾತಿನ ಬೆಲೆ ದೊಡ್ಡದು. ಹಾಲು ಹೆಚ್ಚಾಗಿರುವುದು ತಾಯಿಯ ದೋಷವಲ್ಲ. ಅದರ ಪರಿಹಾರವೂ ಅವಳ ಕೈಯಲ್ಲೇ ಇದೆ. ಗ್ರಹದ ಕಥೆ ಅವಳ ಮೇಲೆ ಹೊರಿಸಿದ ಅಪವಾದವನ್ನು ಅದೇ ಸಂಹಿತೆಯ ಈ ಮಾತು ಕೆಳಗಿಳಿಸುತ್ತದೆ.