ಗೃಹಹಿಂಸೆ ಪ್ರಕರಣದಲ್ಲಿ ಬಂಧನ ಮತ್ತು ಆರೋಪಿಯ ಪ್ರತಿವಾದ

ಹೆಂಡತಿಯ ಮೇಲೆ ಗಂಡನಾಗಲಿ ಅವನ ಮನೆಯವರಾಗಲಿ ಕ್ರೌರ್ಯ ಎಸಗಿದರೆಂಬ ದೂರಿನಲ್ಲಿ ಬಂಧನಕ್ಕೊಳಗಾದ, ಇಲ್ಲವೇ ಬಂಧನದ ಭೀತಿಯಲ್ಲಿರುವ ಆರೋಪಿಗೆ ಭಾರತದ ಕಾನೂನು ಒದಗಿಸುವ ರಕ್ಷಣೆಗಳು ಮತ್ತು ನ್ಯಾಯಾಲಯದಲ್ಲಿ ಅವನಿಗಿರುವ ವಾದದ ದಾರಿಗಳು. ಕೋರ್ಟಿನ ಅಂಗಳದಲ್ಲಿ ಇಂಥ ಮೊಕದ್ದಮೆಗೆ ಇಂದಿಗೂ '498ಎ ಕೇಸು' ಎಂದೇ ಹೆಸರು. ಆ ಕಲಂ ಇದ್ದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಬಂದರೂ ಬಳಕೆಯ ಮಾತು ಬದಲಾಗಿಲ್ಲ.

498ಎ ಕಲಂ ಸೇರ್ಪಡೆಯಾದದ್ದು 1983ರಲ್ಲಿ, ವರದಕ್ಷಿಣೆ ಸಾವುಗಳು ದೇಶವನ್ನು ಕಲಕಿದ್ದ ಕಾಲದಲ್ಲಿ. ಹೊಸ ಸಂಹಿತೆಯಲ್ಲಿ ಅದೇ ಅಪರಾಧ 85 ಮತ್ತು 86ನೇ ಕಲಮುಗಳಲ್ಲಿದೆ. ಜುಲೈ 1ಕ್ಕಿಂತ ಹಿಂದಿನ ಘಟನೆಗಳಿಗೆ ಹಳೆಯ ಕಲಮೇ ಅನ್ವಯ. ಆತ್ಮಹತ್ಯೆಗೆ ದೂಡುವಂಥ ಅಥವಾ ದೇಹಕ್ಕಾಗಲಿ ಮನಸ್ಸಿಗಾಗಲಿ ತೀವ್ರ ಹಾನಿ ತರುವಂಥ ಉದ್ದೇಶಪೂರ್ವಕ ನಡತೆ ಕ್ರೌರ್ಯ. ಹಣ, ಆಸ್ತಿಯ ಅಕ್ರಮ ಬೇಡಿಕೆಗಾಗಿ ಕೊಡುವ ಕಿರುಕುಳವೂ ಕ್ರೌರ್ಯ. ಶಿಕ್ಷೆ 3 ವರ್ಷದವರೆಗೆ ಸೆರೆವಾಸ ಮತ್ತು ದಂಡ. ಅಪರಾಧ ಜಾಮೀನುರಹಿತ. ಈ ಪದ ಕೇಳಿದ ಕೂಡಲೇ ಜಾಮೀನೇ ಇಲ್ಲವೆಂದು ಮನೆಯವರು ಕಂಗೆಡುವುದುಂಟು. ಠಾಣೆಯಲ್ಲಿ ಹಕ್ಕಿನಂತೆ ಜಾಮೀನು ಕೇಳುವಂತಿಲ್ಲ, ನ್ಯಾಯಾಧೀಶರ ವಿವೇಚನೆಯಿಂದ ಪಡೆಯಬೇಕು ಎಂಬಷ್ಟೇ ಅದರ ಅರ್ಥ.

ಇದರ ಜೊತೆಗೆ ಸದಾ ಬೆರೆಸಿ ಮಾತಾಡುವ ಇನ್ನೊಂದು ಕಾನೂನು 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಅಧಿನಿಯಮ. ಅದು ಬಹುಮಟ್ಟಿಗೆ ಸಿವಿಲ್ ಸ್ವರೂಪದ್ದು: ರಕ್ಷಣಾ ಆದೇಶ, ವಾಸದ ಹಕ್ಕು, ಜೀವನಾಂಶ, ಮಕ್ಕಳ ಸುಪರ್ದು, ಪರಿಹಾರ. ಅದರಡಿ ಅರ್ಜಿ ಬಿದ್ದ ಮಾತ್ರಕ್ಕೆ ಯಾರನ್ನೂ ಬಂಧಿಸುವಂತಿಲ್ಲ. ಆದರೆ ರಕ್ಷಣಾ ಆದೇಶವನ್ನು ಮುರಿದರೆ 31ನೇ ಕಲಮಿನಂತೆ 1 ವರ್ಷದವರೆಗೆ ಸೆರೆ, 20,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು, ಬಂಧನವೂ ಸಾಧ್ಯ. 'ಮಾತಾಡಿ ಸರಿ ಮಾಡಿಕೊಳ್ಳೋಣ' ಎಂದು ಆದೇಶವಿರುವಾಗಲೇ ತವರುಮನೆಯ ಬಾಗಿಲಿಗೆ ಹೋದ ಗಂಡ ಹೊಸ ಅಪರಾಧವೊಂದನ್ನು ತಲೆಗೆ ಕಟ್ಟಿಕೊಂಡಂತೆಯೇ.

ಬಂಧನದ ವಿಷಯದಲ್ಲಿ ದಿಕ್ಕು ಬದಲಿಸಿದ್ದು 2014ರ ಜುಲೈ 2ರಂದು ಸುಪ್ರೀಂ ಕೋರ್ಟ್ ನೀಡಿದ ಅರ್ನೇಶ್ ಕುಮಾರ್ ತೀರ್ಪು. ನ್ಯಾಯಮೂರ್ತಿಗಳಾದ ಚಂದ್ರಮೌಳಿ ಕುಮಾರ್ ಪ್ರಸಾದ್ ಮತ್ತು ಪಿನಾಕಿ ಚಂದ್ರ ಘೋಷ್ ಅವರ ಪೀಠ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಅಂಕಿಗಳನ್ನು ಮುಂದಿಟ್ಟುಕೊಂಡಿತ್ತು. 2012ರಲ್ಲಿ 498ಎ ಕಲಮಿನಡಿ ಬಂಧಿತರಾದವರು 1,97,762 ಮಂದಿ. ಅವರಲ್ಲಿ 47,951 ಮಂದಿ ಹೆಂಗಸರು, ಅಂದರೆ ಅತ್ತೆ ನಾದಿನಿಯರೂ ಧಾರಾಳವಾಗಿ ಬಲೆಗೆ ಬಿದ್ದಿದ್ದರು. ದೋಷಾರೋಪ ಪಟ್ಟಿ ಸಲ್ಲಿಕೆ ಶೇ. 93.6, ಶಿಕ್ಷೆಯಾದದ್ದು ಶೇ. 15ರಷ್ಟು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ದೂರು ಬಂತೆಂದೇ ಬಂಧಿಸಬಾರದು, ಬಂಧನ ಏಕೆ ಅಗತ್ಯವೆಂಬುದನ್ನು ಪೊಲೀಸರು ಬರೆದಿಡಬೇಕು, ಅದನ್ನು ಓದದೆ ಮ್ಯಾಜಿಸ್ಟ್ರೇಟರು ಬಂಧನ ಮುಂದುವರಿಸಬಾರದು ಎಂದು ತೀರ್ಪು ವಿಧಿಸಿತು. ಬಂಧನ ಬೇಡವಾದಲ್ಲಿ ಪ್ರಕರಣ ದಾಖಲಾದ 2 ವಾರದೊಳಗೆ ಹಾಜರಾತಿಯ ನೋಟಿಸು ಕೊಡಬೇಕು. ತಪ್ಪಿದ ಅಧಿಕಾರಿಯ ಮೇಲೆ ಇಲಾಖಾ ಕ್ರಮ, ನ್ಯಾಯಾಂಗ ನಿಂದನೆ ಎರಡೂ ಆಗಬಹುದು. ಈ ನೋಟಿಸಿನ ನಿಯಮ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಮಿನಲ್ಲಿದೆ.

ಈ ತೀರ್ಪನ್ನು ಬಂಧನದ ವಿರುದ್ಧದ ಕವಚವೆಂದು ಬಗೆಯುವುದು ಸರಿಯಲ್ಲ. ಆರೋಪಿ ಮತ್ತೆ ಹೊಡೆಯುವ, ಸಾಕ್ಷಿಗಳನ್ನು ಬೆದರಿಸುವ, ತಲೆಮರೆಸಿಕೊಳ್ಳುವ ಸಂಭವವಿದ್ದರೆ ಬಂಧನಕ್ಕೆ ಅದೇ ಸಕಾರಣ. ನೋಟಿಸಿಗೆ ಹಾಜರಾಗದಿದ್ದರೂ ಬಂಧಿಸಬಹುದು. ಕೊಲೆಯತ್ನದ ಅಥವಾ ವರದಕ್ಷಿಣೆ ಸಾವಿನ ಕಲಂ ಸೇರಿತೆಂದರೆ ಲೆಕ್ಕವೇ ಬೇರೆ. ಎರಡನೆಯದಕ್ಕೆ ಕನಿಷ್ಠ ಶಿಕ್ಷೆಯೇ 7 ವರ್ಷ.

ಬಂಧನವಾಗಿಯೇ ಹೋದರೆ ಮೊದಲ 24 ಗಂಟೆಗೆ ತೂಕ ಹೆಚ್ಚು. ಆ ಅವಧಿಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಬಂಧನದ ಕಾರಣಗಳನ್ನು ಆರೋಪಿಗೆ ಅರ್ಥವಾಗುವಂತೆ ತಿಳಿಸದಿದ್ದರೆ ಸಂವಿಧಾನದ 22ನೇ ವಿಧಿ ಉಲ್ಲಂಘನೆಯಾಗಿ ಬಂಧನವೇ ಅಸಿಂಧುವಾಗುತ್ತದೆಂದು ಸುಪ್ರೀಂ ಕೋರ್ಟ್ 2025ರಲ್ಲಿ ಮತ್ತೆ ಹೇಳಿದೆ. ವಕೀಲರನ್ನು ನೇಮಿಸಿಕೊಳ್ಳಲಾಗದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮವಿದೆ. ಮಹಿಳೆಯರಿಗೂ ಬಂಧನದಲ್ಲಿರುವವರಿಗೂ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುವುದರಿಂದ, ಒಂದೇ ಪ್ರಕರಣದ ದೂರುದಾರಳೂ ಆರೋಪಿಯೂ ಅದೇ ಪ್ರಾಧಿಕಾರದ ಬಾಗಿಲು ತಟ್ಟಬಹುದು. ಸಹಾಯವಾಣಿ 15100.

ಜಾಮೀನಿಗೆ ಕರ್ನಾಟಕದಲ್ಲಿ ಜಾಮೀನುದಾರ ಪಹಣಿಯನ್ನೋ ಮನೆಯ ಕಂದಾಯದ ಪತ್ರವನ್ನೋ ಹಿಡಿದು ಕೋರ್ಟಿಗೆ ಬರುವುದು ವಾಡಿಕೆ. ಷರತ್ತುಗಳಿಗೆ ಮಿತಿಯಿದೆ: ಹೆಂಡತಿಯ ದೈಹಿಕ, ಆರ್ಥಿಕ ಅಗತ್ಯಗಳನ್ನೆಲ್ಲ ಪೂರೈಸುತ್ತೇನೆಂದು ಬರೆದುಕೊಟ್ಟರಷ್ಟೇ ಜಾಮೀನು ಎಂಬಂಥ ಷರತ್ತನ್ನು 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿತು. 60 ದಿನದಲ್ಲಿ ದೋಷಾರೋಪ ಪಟ್ಟಿ ಬರದಿದ್ದರೆ ಜಾಮೀನು ಹಕ್ಕಾಗುತ್ತದೆ.

ಬಂಧನಕ್ಕೆ ಮುಂಚೆಯೇ ಸೆಷನ್ಸ್ ನ್ಯಾಯಾಲಯದಲ್ಲೋ ಹೈಕೋರ್ಟಿನಲ್ಲೋ ನಿರೀಕ್ಷಣಾ ಜಾಮೀನು ಕೋರಬಹುದು. ದೂರು ಬೇರೆ ರಾಜ್ಯದಲ್ಲಿ ದಾಖಲಾಗಿದ್ದರೆ ಏನು ಎಂಬ ಪ್ರಶ್ನೆಗೆ ಉತ್ತರ ಬಂದದ್ದು ಬೆಂಗಳೂರಿನ ಪ್ರಕರಣದಿಂದ. ರಾಜಸ್ಥಾನದಲ್ಲಿ ಹೆಂಡತಿ ಕೊಟ್ಟ ದೂರಿಗೆ ಬೆಂಗಳೂರಿನ ಸೆಷನ್ಸ್ ನ್ಯಾಯಾಲಯ ಗಂಡನಿಗೆ ನಿರೀಕ್ಷಣಾ ಜಾಮೀನು ಕೊಟ್ಟಿತ್ತು. ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ 2023ರ ನವೆಂಬರಿನಲ್ಲಿ ಆ ಆದೇಶವನ್ನು ರದ್ದುಪಡಿಸಿತು. ಆದರೆ ತಕ್ಕ ಕಾರಣವಿದ್ದಲ್ಲಿ ಸೀಮಿತ ಅವಧಿಯ ರಕ್ಷಣೆ ನೀಡಬಹುದು, ಅಷ್ಟರಲ್ಲಿ ಆರೋಪಿ ಸಂಬಂಧಪಟ್ಟ ರಾಜ್ಯದ ಕೋರ್ಟಿಗೆ ಹೋಗಬೇಕು ಎಂದಿತು. ತವರಿಗೆ ಮರಳಿದ ಹೆಂಡತಿ ಅಲ್ಲಿಂದಲೇ ದೂರು ಕೊಡಬಹುದೆಂದು 2019ರಲ್ಲೇ ತೀರ್ಮಾನವಾಗಿದ್ದರಿಂದ ಈ ಪ್ರಶ್ನೆ ಏಳುವುದು ಸಹಜವೇ ಆಗಿತ್ತು. ಅಮೆರಿಕದಲ್ಲೋ ಕೊಲ್ಲಿಯಲ್ಲೋ ಇರುವ ಕನ್ನಡಿಗನ ಮೇಲೆ ಇಲ್ಲಿ ದೂರು ದಾಖಲಾದಾಗ ಲುಕ್‌ಔಟ್ ನೋಟಿಸಿನ ಭಯ ಸೇರಿಕೊಳ್ಳುತ್ತದೆ. ಪಾಸ್‌ಪೋರ್ಟ್ ಮುಟ್ಟುಗೋಲಿನ ಅಧಿಕಾರ ಮಾತ್ರ 1967ರ ಅಧಿನಿಯಮದಂತೆ ಪಾಸ್‌ಪೋರ್ಟ್ ಪ್ರಾಧಿಕಾರದ್ದು, ಪೊಲೀಸರದ್ದಲ್ಲ.

ಪ್ರತಿವಾದದ ತಿರುಳು ಇರುವುದು ವಿವರಗಳಲ್ಲಿ. ಯಾರು, ಯಾವ ದಿನ, ಎಲ್ಲಿ, ಏನು ಮಾಡಿದರು ಎಂಬುದಿಲ್ಲದೆ 'ಗಂಡನ ಮನೆಯವರೆಲ್ಲ ಹಿಂಸಿಸಿದರು' ಎಂಬ ಒಟ್ಟಾರೆ ಆರೋಪ ದೂರದ ಊರಿನ ನಾದಿನಿ, ಭಾವಂದಿರ ಮೇಲೆ ನಿಲ್ಲುವುದಿಲ್ಲವೆಂದು ಸುಪ್ರೀಂ ಕೋರ್ಟ್ 2010, 2022, 2024ರ ತೀರ್ಪುಗಳಲ್ಲಿ ಹೇಳುತ್ತ ಬಂದಿದೆ. ಗಂಡನಿಗೆ ಈ ವಾದ ಅಷ್ಟು ಸುಲಭವಾಗಿ ಒದಗದು. ಒಂದೇ ಸೂರಿನಡಿ ಇದ್ದವನು ಅವನೇ ತಾನೆ. ಆಸ್ಪತ್ರೆಯ ಗಾಯದ ಪ್ರಮಾಣಪತ್ರ, ನೆರೆಯವರ ಹೇಳಿಕೆ, ಬ್ಯಾಂಕ್ ವಹಿವಾಟು, ವಾಟ್ಸ್ಆ್ಯಪ್ ಸಂದೇಶ ಎರಡೂ ಪಕ್ಷಗಳ ಆಯುಧಗಳು. ಸ್ಕ್ರೀನ್‌ಶಾಟ್ ತಂದರೆ ಸಾಲದು, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವೂ ಬೇಕಾಗುತ್ತದೆ. ದೂರುದಾರಳ ನಡತೆಯನ್ನು ಕೆದಕುವ ಪಾಟೀಸವಾಲಿನ ಹಳೆಯ ಚಾಳಿ ಇನ್ನೂ ಕೆಲವರಲ್ಲಿದೆ. ಹೊಡೆತ ಬಿದ್ದಿತೇ ಇಲ್ಲವೇ ಎಂಬ ಪ್ರಶ್ನೆಗೆ ಅದರಿಂದ ಉತ್ತರ ಸಿಗದು. ಶಿಕ್ಷೆಯ ಪ್ರಮಾಣ ಕಡಿಮೆಯೆಂದು ದೂರುಗಳೆಲ್ಲ ಸುಳ್ಳೆನ್ನುವುದಕ್ಕೂ ಆಧಾರವಿಲ್ಲ. ನಾಲ್ಕು ಗೋಡೆಯೊಳಗಿನ ಕೃತ್ಯಕ್ಕೆ ಸಾಕ್ಷಿ ವಿರಳ, ವಿಚಾರಣೆ ದೀರ್ಘ, ನಡುವೆ ರಾಜಿಯಾದರೆ ದೂರುದಾರಳೇ ಪ್ರತಿಕೂಲ ಸಾಕ್ಷಿ.

ಕಾನೂನಿನ ದುರ್ಬಳಕೆ ತಡೆಯಲೆಂದು 2017ರಲ್ಲಿ ಸುಪ್ರೀಂ ಕೋರ್ಟ್ ದೂರುಗಳನ್ನು ಮೊದಲು ಪರಿಶೀಲಿಸುವ ಕುಟುಂಬ ಕಲ್ಯಾಣ ಸಮಿತಿಗಳನ್ನು ಸೂಚಿಸಿತು, 2018ರ ಸೆಪ್ಟೆಂಬರಿನಲ್ಲಿ ತ್ರಿಸದಸ್ಯ ಪೀಠ ಅವನ್ನು ಕೈಬಿಟ್ಟಿತು. ಬಂಧನವಿಲ್ಲದ 2 ತಿಂಗಳ ತಣಿಯುವ ಅವಧಿಯೊಂದಿಗೆ ಅಲಹಾಬಾದ್ ಹೈಕೋರ್ಟ್ 2022ರಲ್ಲಿ ರೂಪಿಸಿದ ಅಂಥದೇ ವ್ಯವಸ್ಥೆಯನ್ನು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟೇ ಎತ್ತಿಹಿಡಿಯಿತು. ಈ ಹಗ್ಗಜಗ್ಗಾಟ ಮುಗಿದಿದೆ ಎನ್ನುವಂತಿಲ್ಲ.

ಆರೋಪ ಮೇಲ್ನೋಟಕ್ಕೇ ನಿಲ್ಲದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 528ನೇ ಕಲಮಿನಡಿ ಹೈಕೋರ್ಟಿನಲ್ಲಿ ಪ್ರಕರಣದ ರದ್ದತಿ ಕೋರಬಹುದು. ಕರ್ನಾಟಕದಲ್ಲಿ ಪ್ರಕರಣ ಯಾವ ಜಿಲ್ಲೆಯದೆಂಬುದರ ಮೇಲೆ ಅರ್ಜಿ ಬೆಂಗಳೂರು, ಧಾರವಾಡ ಅಥವಾ ಕಲಬುರಗಿಗೆ ಹೋಗುತ್ತದೆ. ರಾಜಿಗೂ ಇದೇ ದಾರಿ. ಕಾಗದದ ಮೇಲೆ ಈ ಅಪರಾಧ ರಾಜಿಯೋಗ್ಯವಲ್ಲ, ಆದರೂ ಎರಡೂ ಕಡೆ ಒಪ್ಪಿದಾಗ ಹೈಕೋರ್ಟ್ ರದ್ದುಪಡಿಸಬಹುದೆಂದು 2003ರಿಂದ ಸ್ಥಾಪಿತವಾಗಿದೆ. ಸಾಮಾನ್ಯವಾಗಿ ಮಧ್ಯಸ್ಥಿಕೆ ಕೇಂದ್ರದಲ್ಲಿ ಒಪ್ಪಂದ ಬರೆದು, ಹಿಂದೂ ವಿವಾಹ ಅಧಿನಿಯಮದ 13ಬಿ ಕಲಮಿನಂತೆ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅರ್ಜಿ ಹಾಕಿ, ಶಾಶ್ವತ ಜೀವನಾಂಶವನ್ನು ಕಂತುಗಳಲ್ಲಿ ಕೊಡುತ್ತಾರೆ. ಅನುಭವಿ ವಕೀಲರು ಕೊನೆಯ ಕಂತನ್ನು ಪ್ರಕರಣ ರದ್ದಾಗುವ ದಿನಕ್ಕೆ ಜೋಡಿಸಿಡುತ್ತಾರೆ.